ಒಂದು ಕೆಲಸ, ಒಂದು ಹೊಸ ತಿರುವು: ಪೇಟೆಗೆ ಹೋಗುವ ಸೈಕಲ್ಲಿನಲ್ಲೇ ಕಾರವಾರ ನೋಡುವ ಬಗೆ

ಕಾರವಾರಕ್ಕೆ ಬಂದವರು ಟಾಗೋರ್ ಕಡಲತೀರ, ಅಲ್ಲಿರುವ ಚಾಪೆಲ್ ಯುದ್ಧನೌಕೆ, ಕಾಳಿ ಸೇತುವೆ, ಸದಾಶಿವಗಡ ಇಷ್ಟನ್ನು ನೋಡಿ ಹೊರಡುತ್ತಾರೆ. ಇಲ್ಲೇ ಹುಟ್ಟಿ ಬೆಳೆದವರೂ ಹಲವರು ಇದಕ್ಕಿಂತ ಹೆಚ್ಚು ನೋಡಿರುವುದಿಲ್ಲ. ಮನೆಯಿಂದ ಪೇಟೆಗೆ ಒಂದು ದಾರಿ ರೂಢಿಯಾಗಿರುತ್ತದೆ, ಸ್ಕೂಟರ್ ಆ ದಾರಿಯಲ್ಲೇ ಹೋಗಿ ಆ ದಾರಿಯಲ್ಲೇ ಬರುತ್ತದೆ. ಎಡಬಲದ ಓಣಿಯ ತುದಿಯಲ್ಲಿ ಹಳೆಯ ಧಕ್ಕೆ ಇದೆಯೋ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿದೆಯೋ, ಮೆಟ್ಟಿಲಿಳಿಯುವ ಬಾವಿ ಇದೆಯೋ ತಿಳಿಯುವುದೇ ಇಲ್ಲ.

ಇದನ್ನು ನೋಡಲು ರಜೆ ಹಾಕಬೇಕಿಲ್ಲ. ಅಕ್ಕಿ, ಮೀನು, ಔಷಧಿ, ಬ್ಯಾಂಕು, ಗಿರಣಿ ಎಂದು ವಾರದಲ್ಲಿ ಹೇಗೂ ನಾಲ್ಕೈದು ಸಲ ಹೊರಗೆ ಹೋಗುತ್ತೇವೆ. ಅದನ್ನೇ ಸೈಕಲ್ಲಿನಲ್ಲಿ ಮಾಡಿ, ಪ್ರತಿ ಸಲ ಒಂದೇ ಒಂದು ಹೊಸ ತಿರುವು ಹಿಡಿದರೆ ಸಾಕು. ಒಂದಕ್ಕಿಂತ ಹೆಚ್ಚು ಬೇಡ. ಒಂದೇ ದಿನ ನಾಲ್ಕು ಓಣಿ ಹೊಕ್ಕವರಿಗೆ ಕೆಲಸ ತಡವಾಗುತ್ತದೆ, ಮನೆಯಲ್ಲಿ ಮಾತು ಕೇಳಬೇಕಾಗುತ್ತದೆ, ಮುಂದಿನ ವಾರ ಸೈಕಲ್ ಮೂಲೆ ಸೇರುತ್ತದೆ. ಒಂದು ತಿರುವಿನ ನಿಯಮ ಹಿಡಿದರೆ ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ, ಆದ್ದರಿಂದ ವರ್ಷವಿಡೀ ನಡೆಯುತ್ತದೆ.

ವಿಹಾರಕ್ಕೆಂದು ಹೊರಟ ಸವಾರಿಗಿಂತ ಕೆಲಸದ ಸವಾರಿ ಇದಕ್ಕೆ ಮೇಲು ಎನ್ನಲು ಇನ್ನೂ ಒಂದು ಕಾರಣವಿದೆ. ವಿಹಾರಕ್ಕೆ ಹೋದವರು ಚೆಂದದ ದಾರಿ ಹುಡುಕುತ್ತಾರೆ. ಕೆಲಸ ನಮ್ಮನ್ನು ಗಿರಣಿ, ಐಸ್ ಫ್ಯಾಕ್ಟರಿ, ರೇಷನ್ ಅಂಗಡಿ, ಬೆಸುಗೆ ಅಂಗಡಿ ಇರುವ ಓಣಿಗಳಿಗೆ ಕರೆದೊಯ್ಯುತ್ತದೆ. ಊರಿನ ಹಳೆಯ ಜಾಗಗಳು ಹೆಚ್ಚಾಗಿ ಅಂಥಲ್ಲೇ ಉಳಿದಿವೆ. ಕೈಯಲ್ಲಿ ಚೀಲವಿದ್ದವರನ್ನು ಯಾರೂ ಅನುಮಾನದಿಂದ ನೋಡುವುದೂ ಇಲ್ಲ.

ಮೊದಲು ನೆಲದ ಲೆಕ್ಕ

ಕಾರವಾರ ಪೇಟೆ ಸೈಕಲ್ಲಿಗೆ ಹೇಳಿ ಮಾಡಿಸಿದ ನೆಲ. ಪಶ್ಚಿಮಕ್ಕೆ ಕಡಲು, ಉತ್ತರಕ್ಕೆ ಕಾಳಿ ನದಿ, ಪೂರ್ವಕ್ಕೂ ದಕ್ಷಿಣಕ್ಕೂ ಗುಡ್ಡ. ನಡುವಿನದು ಹೆಚ್ಚುಕಡಿಮೆ ಸಮತಟ್ಟು. ಕೋಡಿಬಾಗ, ಕಾಜುಬಾಗ, ನಂದನಗದ್ದಾ, ಬಾಡ, ಸುಂಕೇರಿ, ಹಬ್ಬುವಾಡ ಎಲ್ಲವೂ ಗೇರು ಬದಲಿಸದೆ ಮುಟ್ಟಬಹುದಾದ ದೂರದಲ್ಲಿವೆ. ದಾರಿ ತಪ್ಪುವ ಭಯವಿಲ್ಲ: ಏರು ಬಂದರೆ ಗುಡ್ಡದ ಕಡೆ ಹೊರಟಿದ್ದೀರಿ, ಕೆಸರಿನ ಉಪ್ಪುವಾಸನೆ ಬಂದರೆ ನದಿಯ ಹಿನ್ನೀರಿನ ಕಡೆ, ಗಾಳಿಮರದ ಸದ್ದು ಕೇಳಿದರೆ ಕಡಲ ಕಡೆ.

1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಜಿಲ್ಲಾ ಕೇಂದ್ರವಾಗಿ ಕಾರವಾರ ಬೆಳೆದದ್ದು ಅದರ ನಂತರ. ಕಚೇರಿ, ಕೋರ್ಟು, ಬಂಗಲೆಗಳಿರುವ ಭಾಗ ಆಗಿನ ಬೆಳವಣಿಗೆ. ಸುತ್ತಲಿನ ವಾಡೆಗಳು (ಕೇರಿಗಳು) ಅದಕ್ಕಿಂತ ಹಳೆಯವು, ಅವುಗಳ ಮುಖ ಹೆದ್ದಾರಿಯ ಕಡೆಗಿಲ್ಲ. ನೀರಿನ ಕಡೆಗೋ ಗದ್ದೆಯ ಕಡೆಗೋ ದೇವಸ್ಥಾನದ ಕಡೆಗೋ ಇದೆ. ಹೆದ್ದಾರಿಯಿಂದ ನೋಡಿದರೆ ನಮಗೆ ಕಾಣುವುದು ಅವುಗಳ ಬೆನ್ನು. ಆದ್ದರಿಂದ ತಿರುವು ಆರಿಸುವಾಗ ಒಂದು ಸೂತ್ರ: ಹೆದ್ದಾರಿ 66ಕ್ಕೆ ಸಮಾನಾಂತರವಾಗಿ ಒಳಗೆ ಸಾಗುವ ಹಳೆಯ ರಸ್ತೆಯನ್ನು ಮೊದಲು ಹುಡುಕಿ, ಅದರಿಂದ ನೀರಿನ ಕಡೆ ಇಳಿಯುವ ಓಣಿಗಳನ್ನು ಒಂದೊಂದಾಗಿ ಹಿಡಿಯಿರಿ. ಮುಂದೆ ದಾರಿ ಇಲ್ಲ ಎಂದು ಎಲ್ಲರೂ ಬಿಡುವ ಓಣಿ ನೀರಂಚಿನಲ್ಲಿ ಮುಗಿಯುತ್ತಿದ್ದರೆ ಅದನ್ನು ಬಿಡಲೇಬೇಡಿ.

ಕೆಲಸಗಳನ್ನು ಸಾಲಾಗಿ ಜೋಡಿಸುವುದು

ಇಲ್ಲಿ ತಪ್ಪಿದರೆ ಉಳಿದದ್ದೆಲ್ಲ ಕೆಡುತ್ತದೆ. ಕ್ರಮ ಹೀಗಿರಲಿ: ಮೊದಲು ಕಾಗದದ ಕೆಲಸ (ಬ್ಯಾಂಕು, ಅಂಚೆ, ಕಚೇರಿ), ಆಮೇಲೆ ಕಾಯಬೇಕಾದ ಕೆಲಸ (ಗಿರಣಿ, ಟೇಲರ್, ಕೀಲಿ ಮಾಡಿಸುವುದು), ಆಮೇಲೆ ಹೊಸ ತಿರುವು, ಅದರ ನಂತರ ಭಾರದ ಸಾಮಾನು, ಎಲ್ಲಕ್ಕೂ ಕೊನೆಗೆ ಮೀನು, ಹಾಲು.

ಮೀನನ್ನು ಮೊದಲು ಕೊಂಡು ಓಣಿ ಸುತ್ತಲು ಹೋಗುವುದು ಅಪಾಯ. ಬಂಗಡೆ, ತಾರ್ಲೆಯಂಥ ಮೀನು ಬಿಸಿಗೆ ಕೆಟ್ಟಾಗ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ತಿಂದವರಿಗೆ ಮುಖ ಕೆಂಪಾಗಿ, ತುರಿಕೆ, ತಲೆನೋವು ಬರುತ್ತದೆ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಮೀನು ತಂದ ಮೇಲೆ ದಾರಿಯಲ್ಲಿ ಸ್ವಲ್ಪವಾದರೂ ನಿಲ್ಲಲೇಬೇಕೆಂದಿದ್ದರೆ ಮುಚ್ಚಳವಿರುವ ಡಬ್ಬಿ ಒಯ್ದು, ಮೀನಿನ ಅರ್ಧ ತೂಕದಷ್ಟಾದರೂ ಐಸ್ ಹಾಕಿಸಿಕೊಳ್ಳಿ. ಪ್ಲಾಸ್ಟಿಕ್ ಕೊಟ್ಟೆಯನ್ನು ಹ್ಯಾಂಡಲಿಗೆ ತೂಗಿಸಿದರೆ ಅದು ಮುಂದಿನ ಚಕ್ರದ ಕಡ್ಡಿಗೆ ತಾಗಿ ಹರಿಯುತ್ತದೆ, ಭಾರ ಹೆಚ್ಚಿದ್ದರೆ ಹ್ಯಾಂಡಲ್ ಒಂದು ಕಡೆಗೆ ಎಳೆಯುತ್ತದೆ.

ಭಾನುವಾರದ ಸಂತೆ ಬೇರೆಯೇ ಲೆಕ್ಕ. ಆ ದಿನ ಪೇಟೆಯೊಳಗೆ ಸೈಕಲ್ ತಳ್ಳಿಕೊಂಡು ಹೋಗುವುದೂ ಕಷ್ಟ. ಒಂದೆರಡು ಓಣಿ ಆಚೆಗೆ ಬೀಗ ಹಾಕಿ ನಿಲ್ಲಿಸಿ, ನಡೆದು ಸಂತೆ ಮುಗಿಸಿ. ಹೊಸ ತಿರುವು ಹಿಡಿಯಲು ಸಂತೆಯ ದಿನ ಬೇಡ; ಹತ್ತು ಕಿಲೋ ತರಕಾರಿ ಹೊತ್ತವರಿಗೆ ನೋಡುವ ಮನಸ್ಸೇ ಇರುವುದಿಲ್ಲ.

ಕಾಯುವ ಹೊತ್ತೇ ಬಂಡವಾಳ

ಗಿರಣಿಯಲ್ಲಿ ಅಕ್ಕಿ ಇಟ್ಟರೆ ಸರದಿ ಬರಲು ಅರ್ಧ ತಾಸು, ಮುಕ್ಕಾಲು ತಾಸು. ಬ್ಯಾಂಕಿನ ಟೋಕನ್, ರೇಷನ್ ಸಾಲು, ಪ್ಯಾಂಟಿನ ಕಾಲು ಮಡಚಿಸುವುದು ಎಲ್ಲದರಲ್ಲೂ ಇಂಥ ಬಿಡುವಿದೆ. ಜನ ಆ ಹೊತ್ತು ಮೊಬೈಲ್ ನೋಡುತ್ತ ಕೂರುತ್ತಾರೆ. ನಮ್ಮ ಕೆಲಸಕ್ಕೆ ಅದೇ ಒಳ್ಳೆಯ ಹೊತ್ತು, ಯಾಕೆಂದರೆ ಭಾರವೆಲ್ಲ ಗಿರಣಿಯಲ್ಲಿದೆ, ಸೈಕಲ್ ಖಾಲಿ.

ಲೆಕ್ಕ ಸರಳ. 40 ನಿಮಿಷವಿದ್ದರೆ ಬೀಗ ಹಾಕಿ ತೆಗೆಯಲು 5, ನಿಂತು ನೋಡಲು 10. ಉಳಿದದ್ದು 25. ಓಣಿಯಲ್ಲಿ ತಾಸಿಗೆ 10 ಕಿ.ಮೀ. ವೇಗ ಹಿಡಿದರೆ ನಾಲ್ಕು ಕಿ.ಮೀ. ಆಯಿತು: ಹೋಗಲು ಎರಡು, ಬರಲು ಎರಡು. ಹೊರಟು 12 ನಿಮಿಷ ಸವಾರಿಯಾದ ಕೂಡಲೇ, ಜಾಗ ಸಿಗಲಿ ಬಿಡಲಿ, ಹಿಂತಿರುಗಿ. ಸಿಗದಿದ್ದರೆ ಮುಂದಿನ ಸಲ ಅದೇ ಓಣಿಯ ತುದಿಯಿಂದ ಶುರು ಮಾಡಬಹುದು. ಗಿರಣಿಯವರಿಗೆ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಹೇಳಿ ಹೋಗಿ, ಹೇಳಿದ ಹೊತ್ತಿಗೆ ಬನ್ನಿ. ಆ ಓಣಿಯಲ್ಲಿ ಏನಿದೆ ಎಂದು ಅವರನ್ನೇ ಕೇಳಿದರೆ ಇನ್ನೂ ಒಳ್ಳೆಯದು, ನಾಲ್ಕು ವಾಡೆಯ ಜನ ಬಂದುಹೋಗುವ ಜಾಗ ಅದು.

ಎಲ್ಲಿ ತಿರುಗಬೇಕು ಎಂದು ಮನೆಯಲ್ಲೇ ನೋಡಿಕೊಳ್ಳುವುದು

ಮೊಬೈಲ್ ನಕ್ಷೆಗಳು ಅಂಗಡಿ, ಹೋಟೆಲ್ ಚೆನ್ನಾಗಿ ತೋರಿಸುತ್ತವೆ. ನಮಗೆ ಬೇಕಾದ್ದು ಬೇರೆ. ಮೂರು ಮೂಲಗಳು ಸಾಕು.

ಉಪಗ್ರಹ ಚಿತ್ರದಲ್ಲಿ ಮೊದಲು ನೋಡಿ. ಮನೆಗಳ ನಡುವೆ ಗಾಢ ಹಸಿರಿನ ಗುಂಡು ಮಚ್ಚೆ ಕಂಡರೆ ಅದು ಹಳೆಯ ಮರಗಳ ಗುಂಪು: ದೇವರ ಬನವಿರಬಹುದು, ಕಟ್ಟೆಯಿರಬಹುದು, ಬಿಟ್ಟುಹೋದ ಹಿತ್ತಲಿರಬಹುದು. ನೀರಂಚಿನಲ್ಲಿ ಒತ್ತಾದ ಹಸಿರು ಪಟ್ಟಿ ಕಾಂಡ್ಲಾ. ನೇರ ಗೆರೆಯಂತೆ ನೀರನ್ನು ಸೀಳಿದ ಮಣ್ಣಿನ ಬಣ್ಣ ಗಜನಿಯ (ಹಿನ್ನೀರಂಚಿನ ತಗ್ಗು ಗದ್ದೆಯ) ಒಡ್ಡು.

ಎರಡನೆಯದು ಕಂದಾಯ ಇಲಾಖೆಯ ಗ್ರಾಮ ನಕ್ಷೆ. ಇದರಲ್ಲಿ ಕಾಲುದಾರಿ, ಬಂಡಿದಾರಿ, ಕೆರೆ, ಹಳ್ಳಗಳಿರುತ್ತವೆ. ಈಗಿನ ಡಾಂಬರು ರಸ್ತೆ ಹುಟ್ಟುವ ಮೊದಲು ಜನ ಹೇಗೆ ಓಡಾಡುತ್ತಿದ್ದರು ಎನ್ನುವುದು ಅದರಲ್ಲಿ ತಿಳಿಯುತ್ತದೆ. ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ಕಾಣುವುದರಿಂದ ಅದು ಸಾರ್ವಜನಿಕವೋ ಖಾಸಗಿಯೋ ಎಂಬ ಅಂದಾಜು ಸಿಗುತ್ತದೆ. ಇದು ಮುಖ್ಯ. ಎಷ್ಟೋ ಓಣಿಗಳು ನೋಡಲು ಊರಿನ ದಾರಿಯಂತಿದ್ದು ಯಾರದೋ ಅಂಗಳದಲ್ಲಿ ಕೊನೆಯಾಗುತ್ತವೆ.

ಮೂರನೆಯದು ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಅಳತೆಯ ನಕ್ಷೆ, ಇದು ಅವರ ಜಾಲತಾಣದಲ್ಲಿ ಸಿಗುತ್ತದೆ. ಗುಡ್ಡದ ಏರುಪೇರು ತಿಳಿಯಲು ಇದೇ ಬೇಕು. ಗೆರೆಗಳು ಒತ್ತಾಗಿದ್ದರೆ ಸೈಕಲ್ ತಳ್ಳಬೇಕಾಗುತ್ತದೆ ಎಂದು ಮೊದಲೇ ಗೊತ್ತಾಗುತ್ತದೆ.

ಇಷ್ಟು ನೋಡಿ, ಒಂದು ಹಾಳೆಯಲ್ಲಿ ಮನೆ, ಗಿರಣಿ, ಮೀನು ಮಾರುಕಟ್ಟೆ, ಬ್ಯಾಂಕುಗಳನ್ನು ಗುರುತಿಸಿ ಅವುಗಳ ನಡುವಿನ ಓಣಿಗಳನ್ನು ಪೆನ್ಸಿಲಿನಲ್ಲಿ ಎಳೆಯಿರಿ. ಹೋಗಿಬಂದ ಓಣಿಗೆ ಪೆನ್ನು ತೀಡಿ. ಕೆಲವೇ ತಿಂಗಳಲ್ಲಿ ಪೆನ್ಸಿಲ್ ಉಳಿದ ಕಡೆ ಎಲ್ಲಿದೆ ಎಂದು ಹಾಳೆಯೇ ಹೇಳುತ್ತದೆ.

ಯಾವ ಕೆಲಸಕ್ಕೆ ಯಾವ ಕಡೆ

ಕೋಡಿಬಾಗದ ಕಡೆ ಕೆಲಸವಿದ್ದರೆ ಕಾಳಿ ಕಡಲಿಗೆ ಸೇರುವ ಅಂಚಿಗೆ ಇಳಿಯಿರಿ. ಸೇತುವೆಯ ಮೇಲಿಂದ ಈ ನೀರನ್ನು ದಿನವೂ ಸಾವಿರಾರು ಜನ ದಾಟುತ್ತಾರೆ, ಕೆಳಗಿನ ದಂಡೆಗೆ ಬರುವವರು ಕಡಿಮೆ. ದೋಣಿ ಎಳೆದಿಟ್ಟ ಜಾಗ, ಬಲೆ ಹೆಣೆಯುವ ಚಪ್ಪರ, ಇಳಿತದ ಹೊತ್ತಿಗೆ ಕೆಸರಿನಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವವರು ಇಲ್ಲಿ ಸಿಗುತ್ತಾರೆ. ಪುಷ್ಯ ಹುಣ್ಣಿಮೆಯ ಹೊತ್ತಿಗೆ ಕೂರ್ಮಗಡದ ನರಸಿಂಹ ಜಾತ್ರೆಗೆ ದೋಣಿ ಹೊರಡುವುದೂ ಈ ಕಡೆಯಿಂದ. 2024ರ ಆಗಸ್ಟ್ 7ರ ನಸುಕಿನಲ್ಲಿ ಹಳೆಯ ಸೇತುವೆ ಕುಸಿದ ಮೇಲೆ ಅದರ ವಾಹನಗಳ ಭಾರವೂ ಉಳಿದ ಸೇತುವೆಯ ಮೇಲೆ ಬಿತ್ತು. ಸದಾಶಿವಗಡದ ಕಡೆ ಕೆಲಸವಿದ್ದರೆ ಬೆಳಗ್ಗೆ ಏಳರೊಳಗೆ ದಾಟಿ. ಮಳೆಗಾಳಿಯಲ್ಲಿ ದಾಟುವುದು ಬೇಡವೇ ಬೇಡ. ಲಾರಿ ಪಕ್ಕದಲ್ಲಿ ಹಾದಾಗ ಗಾಳಿಯ ತಳ್ಳುವಿಕೆ ತಟ್ಟನೆ ನಿಂತು ಸೈಕಲ್ ಅದರ ಕಡೆಗೇ ವಾಲುತ್ತದೆ.

ಸುಂಕೇರಿ, ಕಡವಾಡದ ಕಡೆ ಹೋಗುವವರು ಅದೃಷ್ಟವಂತರು ಎನ್ನಬೇಕು. ನಮ್ಮ ಮಟ್ಟಿಗೆ ಕಾರವಾರದ ಸುತ್ತ ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಸುಂಕೇರಿ ಸೇತುವೆ ದಾಟಿದರೆ ಒಂದು ಕಡೆ ಹಿನ್ನೀರು, ಕಾಂಡ್ಲಾ. ಇನ್ನೊಂದು ಕಡೆ ಗದ್ದೆ. ಇಲ್ಲಿ ನೋಡಬೇಕಾದದ್ದು ಒಡ್ಡಿನ ಬಾಗಿಲು. ಉಪ್ಪುನೀರು ಗದ್ದೆಗೆ ನುಗ್ಗದಂತೆ ಮಣ್ಣು, ಕಲ್ಲಿನ ಒಡ್ಡು ಕಟ್ಟಿ ನಡುವೆ ಬಾಗಿಲಿಟ್ಟಿರುತ್ತಾರೆ. ಕಡಲಿನ ನೀರು ಏರುವ ಭರ್ತಿಯಲ್ಲಿ ಬಾಗಿಲು ಮುಚ್ಚಿ ಉಪ್ಪುನೀರು ತಡೆಯುತ್ತದೆ, ಇಳಿತದಲ್ಲಿ ತೆರೆದು ಒಳಗೆ ನಿಂತ ಮಳೆನೀರು ಹೊರಗೆ ಹೋಗುತ್ತದೆ. ಗಜನಿ ಗದ್ದೆಯ ಜೀವ ಇರುವುದು ಈ ಬಾಗಿಲಿನಲ್ಲಿ. ಮಳೆಗಾಲದಲ್ಲಿ ಭತ್ತ, ಬೇಸಿಗೆಯಲ್ಲಿ ಮೀನು, ಸಿಗಡಿ ಎಂಬ ಪದ್ಧತಿ ಈ ಕರಾವಳಿಯುದ್ದಕ್ಕೂ ಇದೆ. ಅಘನಾಶಿನಿಯ ಕಡೆ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವುದೂ ಇಂಥ ಗಜನಿಯಲ್ಲೇ. ಒಡ್ಡಿನ ಮೇಲೆ ಸೈಕಲ್ ಓಡಿಸಬೇಡಿ, ಇಳಿದು ತಳ್ಳಿ. ಮಳೆಗಾಲದಲ್ಲಿ ಮೆತ್ತಗಾದ ಒಡ್ಡಿನ ಅಂಚು ಚಕ್ರದಿಂದ ಕುಸಿದರೆ ನಷ್ಟ ರೈತನಿಗೆ.

ಬೈತಕೋಲದ ಮೀನುಗಾರಿಕೆ ಧಕ್ಕೆಗೆ ಮೀನು ತರಲು ಹೋಗುವವರು ಧಕ್ಕೆಯಷ್ಟೇ ನೋಡಿ ಬರುತ್ತಾರೆ. ಅದರ ಹಿಂದಿನ ಗುಡ್ಡದ ಬುಡದ ಓಣಿಗಳೂ, ದೋಣಿ ದುರಸ್ತಿ ಜಾಗವೂ ನೋಡಬೇಕಾದವು. ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ದೋಣಿಗಳೆಲ್ಲ ದಡಕ್ಕೆ ಬಂದು ಬಲೆ, ಹಗ್ಗ, ಎಂಜಿನ್ ಕೆಲಸ ನಡೆಯುತ್ತದೆ, ಮಾತಾಡಲು ಜನರಿಗೂ ಬಿಡುವಿರುತ್ತದೆ. ಧಕ್ಕೆಯ ನೆಲ ಮೀನಿನ ಲೋಳೆ, ಐಸ್ ನೀರು, ಡೀಸೆಲ್‌ನಿಂದ ಜಾರುತ್ತದೆ. ಅಲ್ಲಿ ಇಳಿದೇ ನಡೆಯಿರಿ. ವಾಣಿಜ್ಯ ಬಂದರಿನ ಗೇಟಿನೊಳಗೆ ಅನುಮತಿಯಿಲ್ಲದೆ ಹೋಗುವಂತಿಲ್ಲ.

ದಕ್ಷಿಣಕ್ಕೆ ಬಿಣಗಾ ಕಡೆ ಹೆದ್ದಾರಿಯ ಸುರಂಗದೊಳಗೆ ಸೈಕಲ್ ಒಯ್ಯಬೇಡಿ. ಒಳಗಿನ ಸದ್ದಿನಲ್ಲಿ ಹಿಂದಿನ ಲಾರಿ ಎಷ್ಟು ಹತ್ತಿರವಿದೆ ಎಂದು ಕಿವಿಗೆ ತಿಳಿಯುವುದಿಲ್ಲ, ಬಿಸಿಲಿನಿಂದ ಕತ್ತಲೆಗೆ ಬಂದ ಚಾಲಕನ ಕಣ್ಣಿಗೆ ನೀವೂ ಬೇಗ ಕಾಣುವುದಿಲ್ಲ. ಅರ್ಗಾದಲ್ಲಿ ಕದಂಬ ನೌಕಾನೆಲೆಯಿದೆ. ಅಲ್ಲಿ ನಿಷೇಧದ ಫಲಕ ಕಂಡಲ್ಲಿ ಹಿಂತಿರುಗಿ, ಫೋಟೊ ತೆಗೆಯಬೇಡಿ.

ನಂದನಗದ್ದಾ, ಬಾಡ, ಕಾಜುಬಾಗದ ಒಳ ಓಣಿಗಳಲ್ಲಿ ದೊಡ್ಡ ದೃಶ್ಯವೇನೂ ಇಲ್ಲ, ನಿಧಾನವಾಗಿ ಸಾಗುವವರಿಗೆ ಸಣ್ಣಪುಟ್ಟದ್ದು ಬಹಳ ಇದೆ. ಚಿರೆಕಲ್ಲಿನ ಹಳೆಯ ಪಾಗಾರ, ಕಲ್ಲಿನ ಬಾಯಿಕಟ್ಟಿನ ಬಾವಿ, ನಾಗನ ಕಲ್ಲು, ಓಣಿಯ ಮೂಲೆಯ ಶಿಲುಬೆ, ತುಳಸಿಕಟ್ಟೆಯ ಗಾರೆ ಕೆಲಸ. ಬಿದ್ದ ಮನೆಯ ಪಕ್ಕ ರಾಶಿ ಹಾಕಿದ ಮಂಗಳೂರು ಹಂಚು ಕಂಡರೆ ಅದರ ಮೈಮೇಲಿನ ಅಚ್ಚು ಓದಿ: ಕಾರ್ಖಾನೆಯ ಹೆಸರು, ಊರು, ಕೆಲವು ಸಲ ಇಸವಿಯೂ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಅಂಗಳಗಳಲ್ಲಿ ಮುರುಗಲ ಸಿಪ್ಪೆ, ಗೇರುಬೀಜ ಒಣಗುತ್ತಿರುತ್ತವೆ. ಯಾರ ಮನೆಯಲ್ಲಿ ಏನು ಮಾರಾಟಕ್ಕಿದೆ ಎಂದು ತಿಳಿಯುವುದೂ ಆಗಲೇ, ಮುಂದಿನ ಸಲದ ಕೊಳ್ಳುವ ಕೆಲಸವೇ ಆ ಓಣಿಗೆ ಬದಲಾಗಬಹುದು.

ಭರ್ತಿ, ಇಳಿತ ನೋಡದೆ ನೀರಂಚಿಗೆ ಹೋಗಬೇಡಿ

ನೀರಂಚಿನ ಜಾಗ ಒಂದೇ ದಿನದಲ್ಲಿ ಎರಡು ಬೇರೆ ಜಾಗಗಳಾಗಿರುತ್ತದೆ. ದಿನಕ್ಕೆ ಎರಡು ಭರ್ತಿ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ, ಅಷ್ಟಮಿಯ ಹೊತ್ತಿಗೆ ವ್ಯತ್ಯಾಸ ಕಡಿಮೆ. ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯಂದು ಭರ್ತಿ ಹೆಚ್ಚುಕಡಿಮೆ ನಡುಹಗಲಿಗೆ ಬರುತ್ತದೆ, ಹಾಗಾಗಿ ಬೆಳಗಿನ ಜಾವ ಇಳಿತ. ಅಷ್ಟಮಿಯ ಸುಮಾರಿಗೆ ಇದು ತಿರುಗಿ ನಡುಹಗಲಿಗೆ ಇಳಿತವಿರುತ್ತದೆ. ಗೋಡೆಯ ಕ್ಯಾಲೆಂಡರಿನ ತಿಥಿ ನೋಡಿದರೆ ಅಂದಾಜು ಸಿಗುತ್ತದೆ, ನಿಖರ ಹೊತ್ತಿಗೆ ಆ ದಿನದ ಉಬ್ಬರವಿಳಿತದ ಪಟ್ಟಿ ನೋಡಿ.

ಕಾಂಡ್ಲಾ, ಬಳಚು ಹೆಕ್ಕುವ ಜಾಗ, ಹಳೆಯ ಧಕ್ಕೆಯ ಬುಡದ ಕಲ್ಲುಗಳು ಕಾಣಬೇಕಾದರೆ ಇಳಿತದ ಒಂದು ತಾಸು ಮೊದಲು ತಲುಪಿ. ಒಡ್ಡಿನ ಬಾಗಿಲಿನ ಕೆಲಸ ನೋಡಬೇಕಾದರೆ ನೀರು ತಿರುಗುವ ಹೊತ್ತು ಬೇಕು. ಕೆಸರಿನ ಮೇಲೆ ಇಳಿಯಬೇಡಿ, ಮೊಣಕಾಲವರೆಗೆ ಹುಗಿದರೆ ಕಾಲು ಕೀಳುವುದು ಸುಲಭವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೊಡ್ಡ ಮಳೆಯೂ ಹುಣ್ಣಿಮೆಯ ಭರ್ತಿಯೂ ಒಟ್ಟಿಗೆ ಬಂದ ದಿನ ತಗ್ಗಿನ ಓಣಿಗಳಲ್ಲಿ ನೀರು ನಿಲ್ಲುತ್ತದೆ, ಅಂದು ಹೊಸ ತಿರುವು ಬಿಟ್ಟು ಕೆಲಸ ಮುಗಿಸಿ ಬನ್ನಿ.

ಸೈಕಲ್ಲಿಗೆ ಏನು ಬೇಕು

ದುಬಾರಿ ಸೈಕಲ್ ಬೇಡ. ಗಟ್ಟಿ ಕ್ಯಾರಿಯರ್, ಎರಡೂ ಮಡ್‌ಗಾರ್ಡ್, ಗಂಟೆ, ಹಿಂದೆ ಕೆಂಪು ದೀಪ, ಬೀಗ ಇದ್ದರೆ ಸಾಕು. ಭಾರವನ್ನು ಕ್ಯಾರಿಯರಿನ ಮೇಲೆ ಎತ್ತರಕ್ಕೆ ಪೇರಿಸುವ ಬದಲು ಎರಡು ಬದಿಗೆ ಸಮನಾಗಿ, ಕೆಳಗೆ ತೂಗಿಸಿ. ಕಟ್ಟಲು ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿದ ಪಟ್ಟಿಯಷ್ಟು ಗಟ್ಟಿಯಾದದ್ದು ಬೇರೆ ಇಲ್ಲ. ತುದಿ ಜೋತುಬಿಡಬೇಡಿ, ಹಿಂದಿನ ಚಕ್ರಕ್ಕೆ ಸುತ್ತಿಕೊಂಡರೆ ಬೀಳುತ್ತೀರಿ. ಸಾಮಾನ್ಯ ಕ್ಯಾರಿಯರಿಗೆ 15 ಕಿಲೋ ದಾಟದಿದ್ದರೆ ಕ್ಷೇಮ, ಅದಕ್ಕಿಂತ ಹೆಚ್ಚಾದರೆ ಹೊಂಡದಲ್ಲಿ ಕಡ್ಡಿ ಮುರಿಯುವುದು ಶುರು.

ಗಾಳಿ: 26 ಇಂಚಿನ ದಪ್ಪ ಟೈರಿಗೆ 40ರಿಂದ 45 ಪಿಎಸ್‌ಐ, ಭಾರವಿದ್ದ ದಿನ ಹಿಂದಿನದಕ್ಕೆ 5 ಹೆಚ್ಚು. ಟೈರಿನ ಬದಿಯಲ್ಲಿ ಅಚ್ಚಾದ ಗರಿಷ್ಠ ಮಿತಿ ದಾಟಬೇಡಿ. ಹಳೆಯ ಮಾದರಿಯ ಸೈಕಲ್ಲುಗಳಲ್ಲಿ ವಾಲ್‌ಟ್ಯೂಬಿನ ಪುಟ್ಟ ರಬ್ಬರ್ ಕೊಳವೆ ಬಿಸಿಲಿಗೆ ಲಡ್ಡಾಗಿ ಗಾಳಿ ಬಿಡುತ್ತದೆ. ಜನ ಇದನ್ನು ಪಂಚರ್ ಎಂದುಕೊಂಡು ಟ್ಯೂಬ್ ಬಿಚ್ಚಿಸುತ್ತಾರೆ. ವಾಲ್ವಿನ ಬಾಯಿಗೆ ಉಗುಳು ಹಚ್ಚಿ ನೋಡಿ, ಗುಳ್ಳೆ ಬಂದರೆ ಕೊಳವೆ ಬದಲಿಸಿದರೆ ಸಾಕು. ಎರಡಿಂಚು ವಾಲ್‌ಟ್ಯೂಬ್, ಪ್ಯಾಚ್, ಸಲ್ಯೂಷನ್, ಉಜ್ಜುಕಾಗದ, ಟೈರ್ ಎಬ್ಬಿಸುವ ಎರಡು ಲಿವರ್, ಸಣ್ಣ ಪಂಪ್, ಹಿಂದಿನ ಚಕ್ರದ ನಟ್ಟಿಗೆ ಹೊಂದುವ ಸ್ಪ್ಯಾನರ್ (ಹೆಚ್ಚಿನವಕ್ಕೆ 15 ಮಿ.ಮೀ.) ಸೀಟಿನ ಕೆಳಗಿನ ಚೀಲದಲ್ಲಿರಲಿ.

ಕರಾವಳಿಯಲ್ಲಿ ಸೈಕಲ್ಲನ್ನು ತಿನ್ನುವುದು ಉಪ್ಪು. ತೇವದ ಮರಳಿನ ಮೇಲೆ ಓಡಿಸಿ ಬಂದ ದಿನವೇ ಅರ್ಧ ಬಕೆಟ್ ಸಿಹಿನೀರಿನಿಂದ ಚೈನ್, ಬ್ರೇಕ್, ರಿಮ್ ತೊಳೆದು ಒರೆಸಿ ನೆರಳಲ್ಲಿ ಒಣಗಿಸಿ. ಒಣಗಿದ ಮೇಲೆ ಚೈನಿನ ಪ್ರತಿ ಕೊಂಡಿಗೆ ಒಂದೊಂದೇ ಹನಿ ಮಷಿನ್ ಎಣ್ಣೆ ಬಿಟ್ಟು, ಪೆಡಲ್ ಹಿಂದಕ್ಕೆ ಹತ್ತು ಸುತ್ತು ತಿರುಗಿಸಿ, ಮೇಲಿನದನ್ನೆಲ್ಲ ಬಟ್ಟೆಯಿಂದ ಒರೆಸಿಬಿಡಿ. ಹೊರಗೆ ಉಳಿದ ಎಣ್ಣೆಗೆ ಮರಳು ಅಂಟಿ ಚೈನ್ ಸವೆಯುತ್ತದೆ. ಕೈಗೆ ಸಿಕ್ಕಿತೆಂದು ಕೊಬ್ಬರಿ ಎಣ್ಣೆ ಹಾಕಬೇಡಿ, ಬರಬರುತ್ತ ಅಂಟಾಗುತ್ತದೆ. ನೀರೊಳಗೆ ಚಕ್ರದ ಅಚ್ಚು ಮುಳುಗುವಂತೆ ಎಂದೂ ಓಡಿಸಬೇಡಿ; ಉಪ್ಪುನೀರು ಬೇರಿಂಗ್ ಹೊಕ್ಕರೆ ಹೊರಗಿಂದ ತೊಳೆದು ಪ್ರಯೋಜನವಿಲ್ಲ.

ಮಳೆಯಲ್ಲಿ ರಿಮ್ ಬ್ರೇಕ್ ಮೊದಲ ಒಂದೆರಡು ಸುತ್ತು ಹಿಡಿಯುವುದೇ ಇಲ್ಲ. ತಿರುವಿಗೆ ಮೊದಲೇ ಬ್ರೇಕನ್ನು ಹಗುರಾಗಿ ಒತ್ತಿ ನೀರು ಒರೆಸಿಕೊಳ್ಳಿ. ಚಿರೆಕಲ್ಲಿನ ಮೆಟ್ಟಿಲು, ನೆರಳಿನ ಸಿಮೆಂಟ್ ಓಣಿಯಲ್ಲಿ ಜುಲೈ ಹೊತ್ತಿಗೆ ಹಾವಸೆ ಕಟ್ಟಿರುತ್ತದೆ. ಅಲ್ಲಿ ಹ್ಯಾಂಡಲ್ ತಿರುಗಿಸಿ ಬ್ರೇಕ್ ಒತ್ತಿದರೆ ಬಿದ್ದಂತೆಯೇ.

ಕೇಳುವ ಬಗೆ

‘ಇಲ್ಲಿ ನೋಡುವಂಥದ್ದು ಏನಿದೆ?’ ಎಂದರೆ ‘ಇಲ್ಲೇನೂ ಇಲ್ಲ, ಬೀಚಿಗೆ ಹೋಗಿ’ ಎಂಬ ಉತ್ತರ ಬರುತ್ತದೆ. ಪ್ರಶ್ನೆ ಬದಲಿಸಿ. ‘ಅಮ್ಮಾ, ಈ ದಾರಿ ನೀರಿಗೆ ಇಳೀತದಾ?’ ‘ಅಜ್ಜಾ, ಸೇತುವೆ ಆಗೋಕೆ ಮೊದಲು ತಾರಿ ಎಲ್ಲಿಂದ ಹೋಗ್ತಿತ್ತು?’ ‘ಅಕ್ಕಾ, ಈ ಬಾವಿ ನೀರು ಬೇಸಿಗೆಗೂ ಇರ್ತದಾ?’ ಇಂಥ ಪ್ರಶ್ನೆಗೆ ಜನ ಕೈಯ ಕೆಲಸ ಬಿಟ್ಟು ಹೇಳುತ್ತಾರೆ. ಕೊಂಕಣಿಯ ನಾಲ್ಕು ಮಾತು ಬಂದರೆ ಇನ್ನೂ ಒಳ್ಳೆಯದು. ಸೈಕಲ್ಲಿನಿಂದ ಇಳಿದು ಮಾತಾಡಿ, ಸೀಟಿನ ಮೇಲೆ ಕೂತು ಒಂದು ಕಾಲು ನೆಲಕ್ಕೂರಿ ಕೇಳುವುದು ಹಿರಿಯರಿಗೆ ಸರಿ ಕಾಣುವುದಿಲ್ಲ. ಅಂಗಳ ದಾಟಬೇಕಾದರೆ ಹೊರಗಿನಿಂದಲೇ ಕೂಗಿ ಕೇಳಿ. ನಾಗಬನದ ಹತ್ತಿರ ಚಪ್ಪಲಿ ಹೊರಗಿಡಿ, ಒಳಗಿನ ಎಲೆಯನ್ನೂ ಕೀಳಬೇಡಿ. ಬಾವಿ, ಬಚ್ಚಲಿನ ಕಡೆ ಹೆಂಗಸರಿದ್ದರೆ ನಿಲ್ಲದೆ ಮುಂದೆ ಹೋಗಿ.

ನಾಯಿ ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸಬೇಡಿ. ಇಳಿದು ಸೈಕಲ್ಲನ್ನು ನಡುವೆ ಹಿಡಿದು ನಿಧಾನಕ್ಕೆ ನಡೆದರೆ ಹೆಚ್ಚಿನವು ಸುಮ್ಮನಾಗುತ್ತವೆ.

ಶಿರಸಿಯವರಿಗೆ

ಘಟ್ಟದ ಮೇಲೆ ಇದೇ ಕ್ರಮ ತುಸು ಬದಲಾಗುತ್ತದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ, ಪೇಟೆಯೊಳಗೂ ಏರಿಳಿತ. ಇಲ್ಲಿ ನಿಯಮ: ಖಾಲಿ ಸೈಕಲ್ಲಿನಲ್ಲಿ ಏರು, ಭಾರದಲ್ಲಿ ಇಳಿಜಾರು ಅಥವಾ ಸಮತಟ್ಟು ಬರುವಂತೆ ಕೆಲಸ ಜೋಡಿಸಿ. ಹಿಂದಿನ ಗೇರಿನಲ್ಲಿ 28 ಹಲ್ಲಿನ ಚಕ್ರವಾದರೂ ಇರಲಿ. ಇಳಿಜಾರಿನಲ್ಲಿ ಮುಂದಿನ ಬ್ರೇಕೊಂದನ್ನೇ ಗಟ್ಟಿಯಾಗಿ ಹಿಡಿಯಬೇಡಿ.

ಇಲ್ಲಿ ಹುಡುಕಬೇಕಾದದ್ದು ಕೆರೆಗಳನ್ನು. ದೇವಿಕೆರೆ, ಕೋಟೆಕೆರೆಗಳ ಹೆಸರು ಎಲ್ಲರ ಬಾಯಲ್ಲಿದೆ. ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೀರು ಎಲ್ಲಿಂದ ಬಂದು ಎಲ್ಲಿ ಕೋಡಿ ಬೀಳುತ್ತದೆ ಎಂದು ನೋಡಿದವರು ಕಡಿಮೆ. ಶಿರಸಿ ಜೀವಜಲ ಕಾರ್ಯಪಡೆ ಹೂಳೆತ್ತಿ ಉಳಿಸಿದ ಕೆರೆಗಳನ್ನು ಮೊದಲ ಗುರಿಯಾಗಿ ಇಟ್ಟುಕೊಳ್ಳಬಹುದು. ಕೋಡಿಯ ಕಾಲುವೆಯನ್ನು ಹಿಂಬಾಲಿಸಿದರೆ ತೋಟ, ತೋಟದಂಚಿನಲ್ಲಿ ಹಳ್ಳ, ಹಳ್ಳಕ್ಕೆ ಕಾಲುಸಂಕ ಸಿಗುತ್ತದೆ. ಅಡಿಕೆ ಮರದ ಸಂಕದ ಮೇಲೆ ಸೈಕಲ್ ಹೊತ್ತು ದಾಟುವ ಸಾಹಸ ಬೇಡ, ಈಚೆಗೇ ನಿಲ್ಲಿಸಿ ನಡೆದುಹೋಗಿ. ಮಳೆಗಾಲದಲ್ಲಿ ಅದೂ ಬೇಡ. ತೆರೆದ ಉಣಗೋಲನ್ನು (ತೋಟದ ದಾರಿಗೆ ಅಡ್ಡವಿಟ್ಟ ಗಳುಗಳ ಗೇಟನ್ನು) ಮತ್ತೆ ಹಾಕಿಯೇ ಮುಂದೆ ಹೋಗಿ. ದನ ತೋಟಕ್ಕೆ ನುಗ್ಗಿದರೆ ಒಂದು ವರ್ಷದ ಸಸಿ ಹಾಳು. ಸೊಪ್ಪಿನ ಬೆಟ್ಟದೊಳಗಿನ (ತೋಟಕ್ಕೆ ಸೊಪ್ಪು ತರುವ ಕಾಡಿನೊಳಗಿನ) ದಾರಿ ಸಂಜೆ ಐದೂವರೆಗೇ ಮಬ್ಬಾಗುತ್ತದೆ, ಅಷ್ಟರೊಳಗೆ ಡಾಂಬರಿಗೆ ಬಂದಿರಿ.

ಬರೆದಿಡುವುದು, ಹಂಚಿಕೊಳ್ಳುವುದು

ಮನೆಗೆ ಬಂದ ದಿನವೇ ಐದು ಸಾಲು ಬರೆಯಿರಿ: ಯಾವ ಕೆಲಸಕ್ಕೆ ಹೋಗಿದ್ದಿರಿ, ಎಲ್ಲಿ ತಿರುಗಿದಿರಿ, ಏನು ಸಿಕ್ಕಿತು, ತಿಥಿ ಮತ್ತು ಹೊತ್ತು, ಮುಂದಿನ ಸಲ ಯಾವಾಗ ಬರಬೇಕು. ತಿಥಿ ಬರೆಯದವರಿಗೆ ನೀರಂಚಿನ ಜಾಗ ಎರಡನೆಯ ಸಲ ಸಿಗುವುದಿಲ್ಲ. ಹಿರಿಯರು ಹೇಳಿದ ಜಾಗದ ಹೆಸರನ್ನು ಅವರು ಉಚ್ಚರಿಸಿದ ಹಾಗೇ ಬರೆಯಿರಿ, ಅದು ಯಾವ ನಕ್ಷೆಯಲ್ಲೂ ಇಲ್ಲದಿರಬಹುದು.

ಎಲ್ಲವನ್ನೂ ಹಂಚಬೇಡಿ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಸಾರ್ವಜನಿಕ ಕೆರೆ, ಧಕ್ಕೆ, ಕಟ್ಟೆ, ಸೇತುವೆಗಳ ಹೆಸರನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಯಾರು ಬೇಕಾದರೂ ಕನ್ನಡದಲ್ಲೇ ಸೇರಿಸಬಹುದು, ಖಂಡಿತ ಸೇರಿಸಿ. ನಾಗಬನ, ಮನೆತನದ ದೇವರು, ಖಾಸಗಿ ಹಿತ್ತಲಿನ ಬಾವಿ, ಹಕ್ಕಿ ಗೂಡು ಕಟ್ಟುವ ಮರ ಇವುಗಳ ಜಾಗದ ಗುರುತು ಹಾಕಬೇಡಿ, ರೀಲ್ಸ್ ಮಾಡಬೇಡಿ. ಬಳಚು ಹೆಕ್ಕುವ ಜಾಗವನ್ನೂ ಹಾಕಬೇಡಿ, ಅದು ಕೆಲವು ಮನೆಗಳ ದಿನದ ದುಡಿಮೆ. ಸಂದೇಹವಿದ್ದರೆ ಆ ಓಣಿಯವರನ್ನೇ ಕೇಳಿ, ಬೇಡವೆಂದರೆ ಪುಸ್ತಕದಲ್ಲಿ ಮಾತ್ರ ಇರಲಿ.